ನಾಳಿನ ಭಯವೂ ಇಂದಿನ ಕಾಯಕವೂ

ಶರೀರವುಳ್ಳ ಮಾನವನಿಗೆ ಎರಡು ಬಗೆಯ ನೋವುಗಳುಂಟು. ಒಂದು ರೋಗದ ನೋವು. ಮತ್ತೊಂದು ರೋಗವಿರಬಹುದೆಂಬ ಶಂಕೆಯ ನೋವು. ಮೊದಲನೆಯದಕ್ಕೆ ವೈದ್ಯನಲ್ಲಿ ಔಷಧ ದೊರೆಯುತ್ತದೆ. ಎರಡನೆಯದರ ಔಷಧವನ್ನು ಬಹುಮಟ್ಟಿಗೆ ನಾವೇ ನಮ್ಮೊಳಗೆ ಅರಸಿಕೊಳ್ಳಬೇಕಾಗುತ್ತದೆ.

ಇಂದಿನ ಗೃಹಸ್ಥರಲ್ಲಿ ಅನೇಕರಿಗೆ ಒದಗುವ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಎದೆಯಲ್ಲಿ ಏನೋ ಅಳುಕು ಕಂಡಿತೆಂದು ಒಬ್ಬನು ಊರಿನ ವೈದ್ಯರ ಬಳಿಗೆ ಹೋಗುತ್ತಾನೆ. ಅವರು ಇ.ಸಿ.ಜಿ. ತೆಗೆದು, ‘ಸ್ವಲ್ಪ ವ್ಯತ್ಯಾಸ ಕಾಣುತ್ತದೆ, ಹೃದಯತಜ್ಞರಿಗೆ ತೋರಿಸಿರಿ’ ಎನ್ನುತ್ತಾರೆ. ತಜ್ಞರ ಭೇಟಿಗೆ ಹತ್ತು ದಿನಗಳಿವೆ. ಆ ಹತ್ತು ದಿನಗಳು ಅವನಿಗೆ ಹತ್ತು ವರ್ಷಗಳಾಗುತ್ತವೆ. ಊಟ ರುಚಿಸದು, ನಿದ್ರೆ ಬಾರದು. ಪೂಜೆಗೆ ಕುಳಿತರೆ ಕರಸ್ಥಲದಲ್ಲಿ ಲಿಂಗವಿದ್ದರೂ ಕಣ್ಣ ಮುಂದೆ ಆ ಕಾಗದದ ಗೆರೆಗಳೇ ಸುಳಿಯುತ್ತವೆ. ಆಗ ಅವನನ್ನು ಮತ್ತೊಂದು ಪ್ರಶ್ನೆಯೂ ಬಾಧಿಸುತ್ತದೆ: ‘ಲಿಂಗವಂತನಾಗಿಯೂ ನಾನು ಹೀಗೆ ಹೆದರುವುದು ನನ್ನ ಭಕ್ತಿಯ ಕೊರತೆಯಲ್ಲವೇ?’

ಈ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು. ಭಯವು ಹುಟ್ಟುವುದು ದೇಹದ ಧರ್ಮ. ಹಸಿವು ತೃಷೆಗಳು ಹೇಗೆ ಪಾಪಗಳಲ್ಲವೋ ಹಾಗೆ ಪ್ರಾಣಭಯವೂ ಪಾಪವಲ್ಲ. ಹುಟ್ಟಿದ ಭಯವನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬಲ್ಲಿಂದ ಧರ್ಮದ ಪ್ರಶ್ನೆ ಆರಂಭವಾಗುತ್ತದೆ.

ಭಯವನ್ನು ನಡೆಸಿಕೊಳ್ಳಲು ಅದರ ಕಾರಣವನ್ನು ಸರಿಯಾಗಿ ತಿಳಿಯಬೇಕು. ಹೃದಯದ ವಿದ್ಯುತ್ ಚಲನೆಯನ್ನು ಗೆರೆಯಾಗಿ ಬರೆಯುವ ಇ.ಸಿ.ಜಿ. ವಿಧಾನವನ್ನು ಬೆಳೆಸಿದುದಕ್ಕಾಗಿ ಹಾಲೆಂಡಿನ ಐಂಥೋವನ್ ಎಂಬ ವಿಜ್ಞಾನಿಗೆ 1924ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅದು ಮಹತ್ತಾದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ತೋರಿಸುವುದು ಕೆಲವು ಕ್ಷಣಗಳ ಚಲನೆಯನ್ನು ಮಾತ್ರ. ಎದೆಯ ಮೇಲೆ ಅಂಟಿಸುವ ಬಿಲ್ಲೆಗಳು ತುಸು ಸ್ಥಾನ ತಪ್ಪಿದರೂ ಗೆರೆಯು ಬದಲಾಗಬಹುದು. ಕಾಗದದ ತಲೆಯ ಮೇಲೆ ಯಂತ್ರವೇ ಅಚ್ಚೊತ್ತುವ ಮಾತು ಕೊನೆಯ ತೀರ್ಪಲ್ಲ. ಬಲ್ಲ ವೈದ್ಯನು ರೋಗಿಯನ್ನು ನೋಡಿ, ಕೇಳಿ, ತೂಗಿದ ಮೇಲೆಯೇ ಅದಕ್ಕೆ ಅರ್ಥ. ಎಕೋ ಪರೀಕ್ಷೆಯ ವರದಿಯಲ್ಲಿ ಹೃದಯವು ರಕ್ತವನ್ನು ಹೊರದೂಡುವ ಪ್ರಮಾಣ ನೂರಕ್ಕೆ 60 ಎಂದಿರುವುದನ್ನು ಕಂಡು, ಉಳಿದ 40 ಭಾಗ ಕೆಟ್ಟಿತೆಂದು ಕಂಗೆಡುವವರಿದ್ದಾರೆ. ಅದು ಶಾಲೆಯ ಅಂಕವಲ್ಲ. ಸುಮಾರು 55ರಿಂದ 70ರವರೆಗೆ ಇರುವುದೇ ಆರೋಗ್ಯದ ಲಕ್ಷಣ. ಕವಾಟದಲ್ಲಿ ಅತ್ಯಲ್ಪ ಸೋರಿಕೆಯು ಆರೋಗ್ಯವಂತರಲ್ಲಿಯೂ ಕಾಣುವುದುಂಟು. ಹಾಗೆಯೇ ಇ.ಸಿ.ಜಿ. ಶುದ್ಧವಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದೂ ಹೇಳಲಾಗದು. ಆದುದರಿಂದ ಅರೆತಿಳಿವಿನಿಂದ ಹೆದರುವುದೂ ಅರೆತಿಳಿವಿನಿಂದ ನಿಶ್ಚಿಂತನಾಗುವುದೂ ಎರಡೂ ತಪ್ಪೇ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಸ್ಮರಿಸುವುದು ಉಚಿತ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮನು ಆ ಹೆಚ್ಚಿನ ಅಕ್ಕಿಯನ್ನು ಒಪ್ಪದೆ, ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಇದನ್ನು ನಾವು ಧನಧಾನ್ಯಗಳ ಸಂಗ್ರಹಕ್ಕೆ ಅನ್ವಯಿಸುವುದು ವಾಡಿಕೆ. ಆದರೆ ಮನುಷ್ಯನು ಧಾನ್ಯವನ್ನಷ್ಟೇ ಕೂಡಿಡುವುದಿಲ್ಲ, ಭಯವನ್ನೂ ಕೂಡಿಡುತ್ತಾನೆ. ಹತ್ತು ದಿನಗಳಾಚೆ ಕೇಳಬೇಕಾದ ಮಾತನ್ನು ಇಂದೇ ಕೇಳಿದಂತೆ ಕಲ್ಪಿಸುತ್ತಾನೆ. ಇನ್ನೂ ನಿಶ್ಚಯವಾಗದ ಶಸ್ತ್ರಚಿಕಿತ್ಸೆಯ ನೋವನ್ನು ಇಂದೇ ಉಣ್ಣುತ್ತಾನೆ. ಇವೆಲ್ಲವೂ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯಂತೆ. ಇಂದಿಗೆ ಬೇಕಾದುದು ಎಷ್ಟೆಂದು ಅಳೆದು, ಮಿಕ್ಕುದನ್ನು ಹಿಂದಕ್ಕೆ ಸುರಿಯಬೇಕು.

ಇಂದಿನ ಅಳತೆ ಯಾವುದು? ಪರೀಕ್ಷೆಯ ಕಾಗದಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಡುವುದು. ಸೇವಿಸುತ್ತಿರುವ ಔಷಧಗಳ ಹೆಸರುಗಳನ್ನೂ ಪ್ರಮಾಣವನ್ನೂ ಬರೆದಿಡುವುದು. ನೋವು ಯಾವಾಗ, ಎಷ್ಟು ಹೊತ್ತು, ಯಾವ ಕೆಲಸ ಮಾಡುವಾಗ ಬಂದಿತೆಂದು ಗುರುತುಮಾಡುವುದು. ತಂದೆತಾಯಿಗಳಿಗೆ ಹೃದ್ರೋಗವಿದ್ದಿತೇ ಎಂದು ವಿಚಾರಿಸಿಕೊಳ್ಳುವುದು. ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಳ್ಳುವುದು. ಹೊಗೆಸೊಪ್ಪಿನ ಚಟವಿದ್ದರೆ ಇಂದೇ ಬಿಡುವುದು. ಇಷ್ಟೇ ಇಂದಿನ ಅಕ್ಕಿ. ಇದು ಸಹ ಒಂದು ಕಾಯಕವೇ. ಇದನ್ನು ಮುಗಿಸಿದವನು ತನ್ನ ನಿತ್ಯದ ಉದ್ಯೋಗಕ್ಕೆ, ವೈದ್ಯರು ಅನುಮತಿಸಿದ ಮಿತಿಯಲ್ಲಿ, ಮರಳಬೇಕು. ಬರಿಗೈಯಲ್ಲಿ ಕುಳಿತವನನ್ನು ಚಿಂತೆಯು ಬೇಗನೆ ಹುಡುಕಿಕೊಂಡು ಬರುತ್ತದೆ.

‘ನಾನು ನನಗಾಗಿ ಹೆದರುತ್ತಿಲ್ಲ, ಹೆಂಡಿರು ಮಕ್ಕಳಿಗಾಗಿ ಹೆದರುತ್ತೇನೆ’ ಎಂದು ಗೃಹಸ್ಥನು ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅಂಥವನೇ ಅನೇಕ ವೇಳೆ ವರದಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಮನೆಯವರೊಡನೆ ಏನನ್ನೂ ಹೇಳದೆ, ಒಳಗೊಳಗೇ ಕುದಿಯುತ್ತಾನೆ. ಅವನ ಮೌನವನ್ನು ಕಂಡು ಮನೆಯವರು ಇನ್ನೂ ಹೆಚ್ಚಿನದನ್ನು ಊಹಿಸಿಕೊಳ್ಳುತ್ತಾರೆ. ಮಾರಯ್ಯನ ಹೆಚ್ಚಿನ ಅಕ್ಕಿಯನ್ನು ಗುರುತಿಸಿದವಳು ಅವನ ಸತಿಯೇ ಎಂಬುದನ್ನು ಮರೆಯಬಾರದು. ಭಾರವು ಹೆಚ್ಚಾಯಿತೆಂಬುದು ಹೊತ್ತವನಿಗಿಂತ ಮೊದಲು ಜೊತೆಗಿರುವವರಿಗೆ ತಿಳಿಯುತ್ತದೆ. ಆದುದರಿಂದ ಸಹಧರ್ಮಿಣಿಗೆ ಹೇಳಿರಿ. ತಜ್ಞರ ಬಳಿಗೆ ಹೋಗುವಾಗ ಜೊತೆಗೆ ಕರೆದೊಯ್ಯಿರಿ. ಭೀತನಾದವನ ಕಿವಿಗೆ ವೈದ್ಯನ ಮಾತು ಅರ್ಧ ಮಾತ್ರ ಕೇಳಿಸುವುದು. ಮಿಕ್ಕರ್ಧವನ್ನು ಅವರು ಕೇಳಿಕೊಳ್ಳುವರು.

ಇನ್ನು ಕೆಲವರು ‘ಎಲ್ಲವೂ ಲಿಂಗದ ಇಚ್ಛೆ, ವೈದ್ಯನೇಕೆ?’ ಎಂದು ಸುಮ್ಮನಾಗುವರು. ಶರಣರು ದೇಹವನ್ನು ಹಳಿಯದೆ ಅದನ್ನು ದೇವಾಲಯವೆಂದು ಕಂಡರು. ಮಾಡು ಸೋರುತ್ತಿರುವಾಗ ಒಳಗೆ ಮಂತ್ರ ಹೇಳುತ್ತ ಕುಳಿತ ಪೂಜಾರಿಯನ್ನು ಯಾರೂ ಮೆಚ್ಚರು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನೂ ಇದ್ದನು, ವೈದ್ಯವೃತ್ತಿಯೂ ಕಾಯಕವೇ. ಭೇಟಿಯ ದಿನ ಅಮಾವಾಸ್ಯೆಯೆಂದೋ ರಾಹುಕಾಲವೆಂದೋ ಮುಂದೂಡುವವರು ಶರಣಧರ್ಮದಿಂದಲೂ ದೂರ, ವಿವೇಕದಿಂದಲೂ ದೂರ. ಎದೆಯನ್ನು ಹಿಂಡುವಂಥ ನೋವು, ಅದು ತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ಮೂರ್ಛೆ ಇವು ಕಂಡರೆ ತಜ್ಞರ ದಿನವನ್ನು ಕಾಯದೆ ಆ ಗಳಿಗೆಯಲ್ಲಿಯೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು.

ರಾತ್ರಿಯ ವೇಳೆಯಲ್ಲಿ ಚಿಂತೆಗೆ ಬಲ ಹೆಚ್ಚು. ಭಯದಿಂದ ಎದೆಬಡಿತವು ಏರುತ್ತದೆ. ಏರಿದ ಬಡಿತವನ್ನು ರೋಗವೆಂದು ತಿಳಿದು ಭಯವು ಇಮ್ಮಡಿಯಾಗುತ್ತದೆ. ಈ ಸುತ್ತನ್ನು ಕಡಿಯಲು ಎದ್ದು ಕುಳಿತು, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ಉಸಿರನ್ನು ನಿಧಾನಗೊಳಿಸಿ, ಒಂದೊಂದು ಉಸಿರಿಗೂ ಒಮ್ಮೆ ಷಡಕ್ಷರಿಯನ್ನು ಸ್ಮರಿಸಿರಿ. ಇದು ಹೃದ್ರೋಗದ ಚಿಕಿತ್ಸೆಯಲ್ಲ. ಚದರಿದ ಮನಸ್ಸಿಗೆ ನಿಲ್ಲಲು ಒಂದು ನೆಲೆ, ಅಷ್ಟೆ.

‘ಕೊನೆಗೆ ತಜ್ಞರು ರೋಗವಿದೆಯೆಂದೇ ಹೇಳಿದರೆ?’ ಎಂಬ ಪ್ರಶ್ನೆ ಉಳಿಯುತ್ತದೆ. ವರದಿಯು ಒಳ್ಳೆಯದಾದರೆ ಭಕ್ತಿ, ಕೆಟ್ಟದಾದರೆ ದೂರು ಎನ್ನುವುದು ವ್ಯಾಪಾರವಾಗುತ್ತದೆ. ಪ್ರಸಾದಭಾವವೆಂದರೆ ರೋಗವನ್ನು ಹೊಗಳುವುದೆಂದು ಅರ್ಥವಲ್ಲ. ಉಳಿದ ಬಲವನ್ನು, ಉಳಿದ ದಿನಗಳನ್ನು, ದೊರೆತ ಔಷಧವನ್ನು, ನೆರವಾಗುವ ಕೈಗಳನ್ನು ಕೊಟ್ಟದ್ದೆಂದು ತಿಳಿದು ಹಾಳುಮಾಡದೆ ಬಳಸುವುದೇ ಪ್ರಸಾದಭಾವ. ತಜ್ಞರ ಮಾತು ಏನೇ ಆಗಲಿ, ಅದಕ್ಕೆ ಮುಂಚಿನ ಹತ್ತು ದಿನಗಳೂ ಆಯುಷ್ಯದ ದಿನಗಳೇ. ಅವುಗಳನ್ನು ಭಯಕ್ಕೆ ಒಪ್ಪಿಸಿಬಿಟ್ಟರೆ ಯಾವ ವೈದ್ಯನೂ ಹಿಂದಕ್ಕೆ ತಂದುಕೊಡಲಾರನು. ಸದ್ಭಕ್ತರು ಇದನ್ನು ಮನಗಂಡು, ಇಂದಿನ ಕಾಯಕವನ್ನು ಇಂದು ಮಾಡಿ, ನಾಳಿನದನ್ನು ನಾಳೆ ಎದುರಿಸುವ ಧೈರ್ಯವನ್ನು ಪಡೆಯಲಿ.