ನೋವಾಯಿತೋ, ನೋಯಿಸಿದರೋ?

ಇಂಗ್ಲಿಷಿನ ‘ಹರ್ಟ್’ ಎಂಬ ಕ್ರಿಯಾಪದ ಗೋವೆಯ ಕನ್ನಡ ಮನೆಗಳಲ್ಲಿ ಈಗ ಪರಕೀಯವಾಗಿ ಉಳಿದಿಲ್ಲ. ಆಡುತ್ತ ಬಿದ್ದ ಮಗು ‘ಹರ್ಟ್ ಆಯ್ತು’ ಎನ್ನುತ್ತದೆ. ಗೆಳೆಯ ತಳ್ಳಿದರೆ ‘ಅವನು ಹರ್ಟ್ ಮಾಡಿದ’ ಎಂದು ದೂರುತ್ತದೆ. ಅಚ್ಚಗನ್ನಡದ ಅಭಿಮಾನಿಗಳು ಇದಕ್ಕೆ ಮೂಗು ಮುರಿಯಬಹುದು. ನನಗಾದರೋ ಆ ಎರವಲು ಪದಕ್ಕಿಂತ ಅದರ ಬೆನ್ನಿಗೆ ಬಂದು ನಿಂತ ‘ಆಗು’, ‘ಮಾಡು’ಗಳೇ ಸ್ವಾರಸ್ಯಕರವಾಗಿ ತೋರುತ್ತವೆ.

ಇಂಗ್ಲಿಷಿನಲ್ಲಿ ಕಾಲು ನೋಯುವುದಕ್ಕೂ ಒಬ್ಬನು ಮತ್ತೊಬ್ಬನನ್ನು ನೋಯಿಸುವುದಕ್ಕೂ ಇದೊಂದೇ ಕ್ರಿಯಾಪದ ಸಾಕು. ಭೂತಕಾಲದಲ್ಲಿಯೂ ಅದರ ರೂಪ ಬದಲಾಗದು. ಢಿಕ್ಕಿ ಹೊಡೆ ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಅದು ಹುಟ್ಟಿದೆ. ‘ಆ ಮಾತು ತಾಗಿತು’ ಎನ್ನುವಾಗ ನಾವೂ ಅದೇ ಕಲ್ಪನೆಯ ಸಮೀಪ ಇರುತ್ತೇವೆ. ಆದರೆ ಕನ್ನಡವು ‘ನೋಯು’ ಎಂಬುದನ್ನು ಅನುಭವಿಸುವವನಿಗೆ ಕೊಟ್ಟು, ‘ನೋಯಿಸು’ ಎಂಬುದನ್ನು ಮಾಡಿದವನ ಮೇಲೆ ಹೊರಿಸುತ್ತದೆ. ಕೊಂಕಣಿಯಲ್ಲಿಯೂ ‘ದುಖ್ತಾ’ ಬೇರೆ, ‘ದುಖಯ್ತಾ’ ಬೇರೆ.

ಇಷ್ಟು ಸ್ಪಷ್ಟವಾದ ಭೇದವಿರುವಾಗ ನಾವು ಅದನ್ನು ಬಳಸುವ ಬಗೆ ಮಾತ್ರ ವಿಚಿತ್ರ. ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ’ ಎಂಬ ವಾಕ್ಯ ನಮ್ಮ ಸಭೆಗಳಲ್ಲಿ ವಂದನಾರ್ಪಣೆಯಷ್ಟೇ ರೂಢಿ. ಈ ವಾಕ್ಯದಲ್ಲಿ ನೋವಿದೆ, ನೊಂದವರಿದ್ದಾರೆ. ನೋಯಿಸಿದವರು ಎಲ್ಲಿಯೂ ಇಲ್ಲ. ಮಳೆಯಾಯಿತು ಎಂಬಂತೆ ನೋವೂ ತಾನಾಗಿ ಆಯಿತು. 2004ರಲ್ಲಿ ವಾಸ್ಕೊದ ಬಾಯಣಾ ಕಡಲತೀರದ ಮನೆಗಳನ್ನು ಕೆಡವಿದಾಗ ನೆಲೆ ಕಳೆದುಕೊಂಡವರಲ್ಲಿ ಕನ್ನಡಿಗರು ಬಹುಮಂದಿ. ಅದನ್ನು ‘ಮನೆಗಳು ಹೋದವು’ ಎನ್ನುವುದಕ್ಕೂ ‘ಮನೆಗಳನ್ನು ಕೆಡವಿದರು’ ಎನ್ನುವುದಕ್ಕೂ ಇರುವ ಅಂತರ ಕೇವಲ ವ್ಯಾಕರಣದ್ದಲ್ಲ. ಕೆಡವಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಎರಡನೆಯ ವಾಕ್ಯಕ್ಕೆ ಮಾತ್ರ ಕೇಳಬಹುದು.

ಕಾನೂನು ಈ ಪದವನ್ನು ಅಳೆದು ತೂಗಿ ಬಳಸುತ್ತದೆ. 1860ರ ಭಾರತೀಯ ದಂಡಸಂಹಿತೆಯ 319ನೇ ಕಲಮಿನ ಪ್ರಕಾರ ‘ಹರ್ಟ್’ ಎಂದರೆ ದೇಹದ ನೋವು, ರೋಗ ಅಥವಾ ಅಶಕ್ತತೆ ಉಂಟುಮಾಡುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 114ನೇ ಕಲಮು ಅದನ್ನೇ ಮುಂದುವರಿಸಿದೆ. ಸಾಮಾನ್ಯ ವಿವೇಕದ ಮನುಷ್ಯ ದೂರಲಾರದಷ್ಟು ಅಲ್ಪವಾದ ಹಾನಿ ಅಪರಾಧವಲ್ಲ ಎಂದೂ ಸಂಹಿತೆ ಹೇಳುತ್ತದೆ. ನ್ಯಾಯಾಲಯಕ್ಕೆ ಇದು ತಕ್ಕ ನಿಯಮವೇ. ಬಸ್ಸಿನಲ್ಲಿ ಮೈತಾಗಿದ್ದಕ್ಕೆಲ್ಲ ಮೊಕದ್ದಮೆ ಹೂಡಿದರೆ ಪಣಜಿಯ ಕದಂಬ ನಿಲ್ದಾಣದಿಂದ ಒಂದು ಬಸ್ಸೂ ಹೊರಡಲಾರದು.

ಆದರೆ ಅಲ್ಪವೆನ್ನಬಹುದಾದ ಮಾತೊಂದು ದಿನವೂ ಕಿವಿಗೆ ಬಿದ್ದರೆ? ಗೋವೆಯ ಕನ್ನಡಿಗರಿಗೆ ‘ಘಾಂಟಿ’ ಎಂಬ ಪದದ ಪರಿಚಯ ಮಾಡಿಕೊಡಬೇಕಾಗಿಲ್ಲ. ಘಟ್ಟದ ಮೇಲಿನವನು ಎಂಬುದಷ್ಟೇ ಅದರ ಅರ್ಥ. ಆ ಅರ್ಥದಲ್ಲಿ ಸುಳ್ಳೇನೂ ಇಲ್ಲ. ಅನಮೋಡವನ್ನೋ ಚೋರ್ಲಾವನ್ನೋ ಇಳಿದು, ಇಲ್ಲವೇ ಕ್ಯಾಸಲ್‌ರಾಕಿನ ರೈಲಿನಲ್ಲಿ ಕುಳಿತು ನಮ್ಮಲ್ಲಿ ಅನೇಕರು ಬಂದದ್ದು ಘಟ್ಟದ ಮೇಲಿನಿಂದಲೇ. ನಿಘಂಟಿನಲ್ಲಿ ನಿರಪರಾಧಿಯಾದ ಪದ, ಮೀನು ಮಾರುಕಟ್ಟೆಯಲ್ಲಿ ಹಮಾಲನೊಬ್ಬನನ್ನು ಆ ಧ್ವನಿಯಲ್ಲಿ ಕರೆದಾಗ ಬೇರೆಯೇ ಆಗುತ್ತದೆ. ಇದ್ದ ಅರ್ಥವನ್ನೇ ಹೇಳಿದೆ ಎಂದು ಕರೆದವನು ವಾದಿಸಬಹುದು. ಅರ್ಥ ಪದದ್ದಿರಬಹುದು, ಅದನ್ನು ಆ ಕ್ಷಣದಲ್ಲಿ, ಆ ಮನುಷ್ಯನ ಎದುರಿಗೆ ಆರಿಸಿಕೊಂಡವನು ತಾನಲ್ಲವೇ? ನೋಯಿಸುವ ಉದ್ದೇಶವಿರಲಿಲ್ಲ ಎನ್ನುವುದು ಉದ್ದೇಶದ ಕುರಿತಾದ ಉತ್ತರ. ನೋಯಿಸಿದೆಯಾ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಕಾನೂನು ಕೂಡ ‘ಹರ್ಟ್’ ಎಂಬುದನ್ನು ಒಂದು ಕಲಮಿನಲ್ಲಿ ವಿವರಿಸಿ, ‘ಬೇಕೆಂದೇ’ ಎಂಬುದಕ್ಕೆ ಪ್ರತ್ಯೇಕವಾದ ಇನ್ನೊಂದು ಕಲಮನ್ನು ಇಟ್ಟಿದೆ.

ಈಚಿನ ವರ್ಷಗಳಲ್ಲಿ ಗೋವೆಯ ಕಟ್ಟಡದ ಕೆಲಸಗಳಿಗೆ ಬಿಹಾರ, ಝಾರ್ಖಂಡಗಳಿಂದಲೂ ಜನ ಬರುತ್ತಿದ್ದಾರೆ. ಇಲ್ಲಿಯೇ ಎರಡು ತಲೆಮಾರು ಕಳೆದ ನಮ್ಮವರಲ್ಲಿ ಕೆಲವರು ಅವರ ಕುರಿತು ಮಾತನಾಡುವಾಗ ‘ಬಿಹಾರಿ’ ಎಂಬ ಪದವನ್ನು ಉಚ್ಚರಿಸುವ ರೀತಿಯನ್ನು ಗಮನಿಸಿ ನೋಡಿ. ಕೇಳಿದರೆ, ಅದು ಅವರ ರಾಜ್ಯದ ಹೆಸರಷ್ಟೇ ಎನ್ನುತ್ತಾರೆ.