ಐದು ಗುಂಡು, ಒಂದು ತೂತು

ಬೆಂಚ್‌ರೆಸ್ಟ್ ಎಂಬ ರೈಫಲ್ ಸ್ಪರ್ಧೆಯಲ್ಲಿ ನಡುಬಿಂದುವಿಗೆ ಹೊಡೆದವನು ಗೆಲ್ಲಬೇಕೆಂದಿಲ್ಲ. ಒಂದು ಗುಂಡಿನ ಹಾದಿಯಲ್ಲೇ ಉಳಿದವನ್ನೂ ಕಳಿಸಿದವನು ಗೆಲ್ಲುತ್ತಾನೆ. 1973ರಲ್ಲಿ ಅಮೆರಿಕದ ಮ್ಯಾಕ್ ಮೆಕ್‌ಮಿಲನ್ 100 ಗಜ ದೂರಕ್ಕೆ ಹಾರಿಸಿದ ಐದು ಗುಂಡುಗಳ ಹರವು 0.009 ಅಂಗುಲ. ಗುರಿಗಿಂತ ಹೊಂದಾಣಿಕೆ ದೊಡ್ಡದೆನ್ನುವ ಈ ಆಟ ನಮ್ಮನ್ನು ಯೋಚನೆಗೆ ಹಚ್ಚುವುದಿಲ್ಲವೇ?

ಇಂಥ ಐಕ್ಯವನ್ನು ಬಯಸುವವರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ತೋಟಾದ ಹಿತ್ತಾಳೆ ಕೋಶದ ಕತ್ತನ್ನು ಸುತ್ತಲೂ ಒಂದೇ ದಪ್ಪಕ್ಕೆ ತರುತ್ತಾರೆ, ಗುಂಡನ್ನು ಕೂರಿಸುವ ಆಳವನ್ನು ಅಂಗುಲದ ಸಾವಿರದ ಪಾಲಿನಲ್ಲಿ ಅಳೆಯುತ್ತಾರೆ, ಮದ್ದನ್ನು ಗ್ರೇನಿನ ಹತ್ತನೇ ಒಂದು ಭಾಗದವರೆಗೆ, ಎಂದರೆ ಸುಮಾರು ಆರೂವರೆ ಮಿಲಿಗ್ರಾಮಿನ ಲೆಕ್ಕಕ್ಕೆ, ತೂಗುತ್ತಾರೆ. ದೋಷಗಳನ್ನು ಒಂದೊಂದಾಗಿ ಕಳೆಯುತ್ತ ಹೋದರೆ ಕೊನೆಗೆ ಪರಿಪೂರ್ಣತೆಯೇ ಉಳಿದೀತೆಂಬ ನಂಬಿಕೆ ಅದರ ಹಿಂದಿದೆ. ಬದುಕಿನಲ್ಲೂ ನಾವು ಇದನ್ನೇ ನಂಬಿಕೊಂಡು ಬಂದಿಲ್ಲವೇ?

ಮ್ಯಾಸಚೂಸೆಟ್ಸ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಈ ನಂಬಿಕೆಯನ್ನು ಅದರ ತುದಿಯವರೆಗೂ ಒಯ್ದರು. ಮನುಷ್ಯನ ಕೈಯೇ ಬೇಡವೆಂದು ನಳಿಗೆಯನ್ನು ಕಾಂಕ್ರೀಟಿನ ಕಂಬದ ಮೇಲೆ ಕೂರಿಸಿದರು. ಆ ಕಂಬಕ್ಕೆ ಜಿಬ್ರಾಲ್ಟರ್ ಎಂದೇ ಹೆಸರಿಟ್ಟರು. ಹತ್ತಾರು ವರ್ಷಗಳ ಪ್ರಯೋಗದ ಫಲವಾಗಿ 1909ರಲ್ಲಿ ಅವರ ಪುಸ್ತಕ ಬಂತು. ಕೈ ಹೋಯಿತು, ಉಸಿರು ಹೋಯಿತು, ಕಣ್ಣಿನ ಭ್ರಮೆ ಹೋಯಿತು. ಆದರೂ ಗುಂಡುಗಳು ಚದುರಿದವು. ತಪ್ಪೆಲ್ಲ ನಮ್ಮದೇ ಎಂದು ಕೊರಗುವವರಿಗೆ ಇದಕ್ಕಿಂತ ಸಮಾಧಾನ ಬೇಕೇ?

ಮುಂದೆ ಬಂದ ರೈಫಲ್ ಗುರಿಕಾರ ಕ್ರೈಟನ್ ಆಡೆಟ್ ಅವರ ವಿಧಾನ ಬೇರೆಯೇ ದಾರಿ ಹಿಡಿಯಿತು. ತೋಟಾದಿಂದ ತೋಟಾಕ್ಕೆ ಮದ್ದನ್ನು ಕೊಂಚ ಕೊಂಚವೇ ಏರಿಸುತ್ತ ದೂರದ ಹಲಗೆಗೆ ಹಾರಿಸುವುದು. ವೇಗ ಹೆಚ್ಚಿದಂತೆ ತೂತುಗಳೂ ಮೇಲೇರಬೇಕಷ್ಟೆ? ಆದರೆ ಎಲ್ಲೋ ಒಂದೆಡೆ ಮೂರು ನಾಲ್ಕು ತೂತುಗಳು ಒಂದೇ ಎತ್ತರದಲ್ಲಿ ಗುಂಪುಗೂಡುತ್ತವೆ. ಸಿಡಿತಕ್ಕೆ ನಳಿಗೆ ಮೀಟಿದ ತಂತಿಯಂತೆ ಕಂಪಿಸುತ್ತದೆ. ಅದರ ಬಾಯಿ ಒಂದು ಕಡೆಗೆ ಬಾಗಿ ಹಿಂದಿರುಗುವ ಮುನ್ನ ಅರೆಚಣ ತಡೆಯುತ್ತದೆ. ಆಗ ಹೊರಟ ಗುಂಡಿಗೆ ಮದ್ದಿನ ಸಣ್ಣ ಹೆಚ್ಚುಕಡಿಮೆ ತಾಗುವುದಿಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆ. ನಡುಕವನ್ನು ನಿಲ್ಲಿಸುವ ಹಟ ಇಲ್ಲಿಲ್ಲ. ನಡುಕದೊಳಗೇ ತಪ್ಪನ್ನು ಕ್ಷಮಿಸುವ ಒಂದು ತಾವನ್ನು ಹುಡುಕುವ ವಿವೇಕವಿದೆ. ಹತ್ತಿರದ ಗುರಿಗಳ ಸ್ಪರ್ಧೆಯಲ್ಲಿ ನುರಿತವರು ಅನೇಕರು ಮದ್ದನ್ನು ತೂಗುವುದೇ ಇಲ್ಲ, ಅಳತೆಯಿಂದ ಸುರಿದುಕೊಳ್ಳುತ್ತಾರೆ! ಆ ತಾವು ಸಿಕ್ಕವರಿಗೆ ತಕ್ಕಡಿಯ ಹಂಗೇಕೆ?

ಆದರೆ ಸಿಕ್ಕಿತೆಂದು ತಿಳಿಯುವುದು ಹೇಗೆ? ಸಂಖ್ಯಾಶಾಸ್ತ್ರ ಬಲ್ಲವರು ಇಲ್ಲಿ ತಕರಾರು ತೆಗೆಯುತ್ತಾರೆ. ನನಗೂ ಅದು ನ್ಯಾಯವೆನಿಸುತ್ತದೆ. ಮೂರು ಗುಂಡುಗಳು ಬರೀ ಆಕಸ್ಮಿಕದಿಂದಲೂ ಒಂದೆಡೆ ಬಿದ್ದಾವು. ಮೂವತ್ತು ಹಾರಿಸಿದರೆ ಮಾತ್ರ ರೈಫಲಿನ ನಿಜವಾದ ಹರವು ಬಯಲಾದೀತು. ಆದರೂ ಆ ಮೂರರ ಕಾಗದವನ್ನೇ ಜೇಬಿನಲ್ಲಿಟ್ಟುಕೊಂಡು ಕಂಡವರಿಗೆಲ್ಲ ತೋರಿಸುವವರುಂಟು. ನಾಲ್ಕನೆಯದನ್ನು ಹಾರಿಸಲು ನಮ್ಮ ಕೈ ಏಕೆ ಹಿಂಜರಿಯುತ್ತದೆ?