ಆಮೆನ್ ಅಂದ ಮೇಲೆ ಏನು?

ಸತ್ಯವೇದದಲ್ಲಿ ನೆಹೆಮೀಯ 4ನೇ ಅಧ್ಯಾಯ, 9ನೇ ವಚನಕ್ಕೆ ಬನ್ನಿ.

ಯೆರೂಸಲೇಮಿನ ಗೋಡೆ ಅರ್ಧ ಎದ್ದಿದೆ. ವೈರಿಗಳು ಮೇಲೆ ಬೀಳೋದಕ್ಕೆ ಒಳಸಂಚು ಮಾಡ್ತಿದ್ದಾರೆ. ಆಗ ಆ ಜನ ಏನು ಮಾಡಿದ್ರು? ದೇವರಿಗೆ ಮೊರೆಯಿಟ್ಟರು. ಅಷ್ಟೇನಾ? ಹಗಲೂ ರಾತ್ರಿ ಕಾವಲು ಇಟ್ಟರು ಅಂತಲೂ ಅದೇ ವಚನದಲ್ಲಿದೆ. ಅದು ಅಪನಂಬಿಕೆ ಅಲ್ಲ, ದೇವರ ಮಕ್ಕಳೇ. ದೇವರು ಕೇಳ್ತಾನೆ ಅಂತ ನಂಬಿದ್ದರಿಂದಲೇ ಎದ್ದು ನಿಂತರು. ಹಲ್ಲೆಲೂಯಾ!

ಈಗ ನಮ್ಮ ಆಲೂರು, ಸಕಲೇಶಪುರದ ಮಾತಿಗೆ ಬರೋಣ. ಕಾಡಾನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತೆ. ಓದ್ತೀವಿ. "ಕರ್ತನೇ, ಎಲ್ಲರನ್ನೂ ಕಾಪಾಡಪ್ಪಾ" ಅಂತ ಪ್ರಾರ್ಥಿಸಿ, ಬಾಗಿಲು ಹಾಕ್ಕೊಂಡು ಮಲಗ್ತೀವಿ. ಪ್ರಾರ್ಥನೆ ಒಳ್ಳೆಯದೇ. ಆದರೆ ಬೆಳಿಗ್ಗೆ ಮಂಜಿನಲ್ಲಿ, ಬುತ್ತಿ ಹಿಡ್ಕೊಂಡು ಅದೇ ದಾರಿಯಲ್ಲಿ ತೋಟದ ಕೆಲಸಕ್ಕೆ ಹೋಗೋ ಅಕ್ಕನ ಹತ್ತಿರ ಫೋನಿಲ್ಲ. ಆಕೆಗೆ ಯಾರು ಹೇಳಬೇಕು? ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿದ್ರೆ ಹತ್ತಿರ ಹೋಗೋತನಕ ಕಾಣೋದಿಲ್ಲ. ಆನೆಗೆ ಸಿಕ್ಕಿ ಪ್ರಾಣ ಕಳ್ಕೊಂಡವರ ಮನೆಗಳು ಈ ಸೀಮೆಯಲ್ಲಿವೆ. ಮಣ್ಣಾದ ಮೇಲೆ ಹೋಗಿ ಹೇಳೋ ಸಮಾಧಾನಕ್ಕಿಂತ, ಹಿಂದಿನ ರಾತ್ರಿ ಅವರ ಬಾಗಿಲು ತಟ್ಟೋದು ದೊಡ್ಡ ಸೇವೆ.

ಯಾಕೋಬನ ಪತ್ರಿಕೆ 2ನೇ ಅಧ್ಯಾಯವೂ ಇದನ್ನೇ ಕೇಳುತ್ತೆ. ಬಟ್ಟೆಯಿಲ್ಲದೆ, ಹಸಿದು ಬಂದವನಿಗೆ ಬರೀ ಒಳ್ಳೆ ಮಾತು ಹೇಳಿ ಕಳಿಸಿದ್ರೆ ಏನು ಪ್ರಯೋಜನ?

ನೀವು ತೋಟದವರು, ನಿಮಗೆ ಗೊತ್ತು. ಕುಯ್ದ ಕಾಫಿ ಹಣ್ಣನ್ನು ಅವತ್ತೇ ಪಲ್ಪರಿಗೆ ಹಾಕಬೇಕು. ನಾಳೆ ನೋಡೋಣ ಅಂತ ರಾಶಿ ಬಿಟ್ರೆ ಕಾವೇರಿ ಹುಳಿ ಬರುತ್ತೆ. ಪವಿತ್ರಾತ್ಮನು ಹೃದಯದಲ್ಲಿ ಹಾಕಿದ ಒಳ್ಳೆ ಆಲೋಚನೆಯೂ ಹಾಗೇ.

ಹಾಗಂತ ಸುಮ್ಮನೆ ಅವಸರ ಬೇಡ. 3ನೇ ಅಧ್ಯಾಯ ನೋಡಿ, ಎಷ್ಟೋ ಜನ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದ್ರು. ಇಡೀ ಗೋಡೆ 52 ದಿನಕ್ಕೆ ಮುಗೀತು. ಮೆಸೇಜನ್ನು ಹತ್ತು ಗ್ರೂಪಿಗೆ ಕಳಿಸಿದ್ರೆ ಕೆಲಸ ಆಗಲಿಲ್ಲ. ನಿಮ್ಮ ಕೇರಿಯಲ್ಲಿ ಫೋನಿಲ್ಲದ ಮನೆ ಯಾವುದು? ಅದು ನಿಮ್ಮ ಪಾಲಿನ ಗೋಡೆ. ಅವರು ಸಭೆಗೆ ಬರ್ತಾರಾ, ಯಾವ ಜಾತಿ ಅಂತ ನೋಡಬೇಡಿ. ಆನೆ ಅದನ್ನು ನೋಡಲ್ಲ, ನಮ್ಮ ಕರ್ತನೂ ನೋಡಲ್ಲ. ಆಮೆನ್?

ಇವತ್ತು ಸಾಯಂಕಾಲದೊಳಗೆ ಆ ಮನೆಗೆ ಹೋಗಿ, "ಅಕ್ಕಾ, ಇನ್ಮೇಲೆ ಸುದ್ದಿ ಬಂದ್ರೆ ನಾನೇ ಬಂದು ಹೇಳ್ತೀನಿ" ಅಂತ ಮಾತು ಕೊಡಿ. ಕೊಟ್ಟ ಮಾತನ್ನು ಉಳಿಸ್ಕೊಳ್ಳಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಮೊಣಕಾಲೂರೋದನ್ನು ಕಲಿಸಿದ ಹಾಗೆ, ತಡಮಾಡದೆ ಎದ್ದು ನಡೆಯೋದನ್ನೂ ನಮಗೆ ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.